ಗೋತಾ

ಮೊನ್ನೆ ಬೆಂಗಳೂರಿನಿಂದ ಬಂದ ಮಗಳು ಊಟದ ತಟ್ಟೆಯ ಮುಂದೆ ಕುಳಿತು, "ಅಮ್ಮೀ, ಡಿಸೆಂಬರಿನಲ್ಲಿ ನಾವಿಬ್ಬರೇ ಲಕ್ಷದ್ವೀಪಕ್ಕೆ ಹೋಗೋಣ. ಕಡಮತ್ ದ್ವೀಪದಲ್ಲಿ ಸ್ಕೂಬಾ ಮಾಡಿಸುತ್ತಾರೆ. ಖರ್ಚೆಲ್ಲ ನನ್ನದು" ಎಂದಳು. ಕೆಲಸಕ್ಕೆ ಸೇರಿ ಒಂದು ವರ್ಷವಾಗಿದೆ. ಕೂಡಿಟ್ಟ ದುಡ್ಡು ಕೈಯಲ್ಲಿ ಕುಣಿಯುತ್ತಿದೆ. ನನಗೆ ನಲವತ್ತೇಳು. ಈಜು ಬಾರದು. ಸಾಲದ್ದಕ್ಕೆ ಚಿಕ್ಕಂದಿನಿಂದಲೂ ದಮ್ಮಿನ ಕಾಯಿಲೆ. ಆದರೂ ಬಾಯಿಂದ ಬಂದದ್ದು "ಆಯ್ತು" ಎಂಬ ಮಾತೇ.

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದಲ್ಲಿ, ತುಂಗಾ ನದಿಯ ಹತ್ತಿರ. ರಜೆ ಬಂತೆಂದರೆ ಅಣ್ಣಂದಿರು ಹೊಳೆಗೆ ಹಾರುತ್ತಿದ್ದರು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು, ಮೆಟ್ಟಿಲ ಮೇಲೆ ಕುಳಿತು ಅವರ ಅಂಗಿ ಚಪ್ಪಲಿ ಕಾಯುವುದಕ್ಕೆ. ಉರ್ದು ಶಾಲೆಯಲ್ಲಿ ಮುತ್ತು ಹೆಕ್ಕುವವರ ಪಾಠದಲ್ಲಿ 'ಗೋತಾ' ಎಂಬ ಪದ ಕಲಿತೆ. ಮುಳುಗು ಹಾಕುವುದು ಎಂದರ್ಥ. ಕನ್ನಡ ಹೈಸ್ಕೂಲಿಗೆ ಬಂದಾಗ ಗಣಿತದ ಮೇಷ್ಟ್ರು, "ಏನಮ್ಮಾ, ಗೋತಾ ಹೊಡೆದೆಯಲ್ಲ" ಎಂದರು. ನಾನು ಯಾವ ನೀರಿಗೂ ಇಳಿದಿಲ್ಲವಲ್ಲ ಎಂದು ಕಕ್ಕಾಬಿಕ್ಕಿಯಾದೆ. ಒಂದೇ ಪದ, ಅಲ್ಲಿ ಮುತ್ತು, ಇಲ್ಲಿ ಫೇಲು.

ಮಗಳು ಹೋದ ಮೇಲೆ ತಯಾರಿಯ ಕೆಲಸ ನನ್ನ ತಲೆಗೆ ಬಂತು. ಲಕ್ಷದ್ವೀಪಕ್ಕೆ ಭಾರತೀಯರೂ ಅನುಮತಿ ಪತ್ರವಿಲ್ಲದೆ ಕಾಲಿಡುವಂತಿಲ್ಲ. ಕೊಚ್ಚಿಯಲ್ಲಿ ಹಡಗು ಹತ್ತಿ ಒಂದು ರಾತ್ರಿ ಸಮುದ್ರದ ಮೇಲೆ ಕಳೆಯಬೇಕು. ಮಳೆಗಾಲದಲ್ಲಿ ಆ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಅಕ್ಟೋಬರ್ ಕಳೆದ ಮೇಲೆ ಶಾಂತವಾಗುತ್ತದೆ, ನೀರು ತಿಳಿಯಾಗುತ್ತದೆ. ಮಲೆನಾಡಿನಲ್ಲಿ ನಾವು ರಗ್ಗು ಹೊದ್ದು ನಡುಗುವ ತಿಂಗಳಲ್ಲಿ ಅಲ್ಲಿನ ನೀರು ಉಗುರು ಬೆಚ್ಚಗೆ ಇರುತ್ತದೆಯಂತೆ. ದಮ್ಮಿನವಳಿಗೆ ಇದಕ್ಕಿಂತ ಆಸೆಯ ಮಾತು ಬೇರೇನಿದೆ?

ಓದುತ್ತಾ ಹೋದಂತೆ ಆ ದ್ವೀಪ ಪರಕೀಯವಲ್ಲ ಎನ್ನಿಸಿತು. ಕಡಮತ್ ಸೇರಿರುವ ಅಮಿನಿದಿವಿ ಗುಂಪು 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇತ್ತು. ಅಲ್ಲಿನವರು ಹಾಯಿದೋಣಿಗಳಲ್ಲಿ ತೆಂಗಿನ ನಾರು, ಕೊಬ್ಬರಿ ತುಂಬಿಕೊಂಡು ಮಂಗಳೂರಿನ ಬಂದರಿಗೆ ಬಂದು, ಅಕ್ಕಿ ಕೊಂಡು ಮರಳುತ್ತಿದ್ದರು. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ದ್ವೀಪದವರು ಬಹುತೇಕ ಮುಸ್ಲಿಮರು, ಆದರೆ ಮನೆತನ ನಡೆಯುವುದು ತಾಯಿಯ ಕಡೆಯಿಂದ. ತರವಾಡಿನ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಹಿಂದೆಲ್ಲ ಗಂಡನಾದವನು ರಾತ್ರಿ ಹೆಂಡತಿಯ ಮನೆಗೆ ಬಂದು ಬೆಳಿಗ್ಗೆ ತನ್ನ ತಾಯಿಯ ಮನೆಗೆ ಹೊರಟುಹೋಗುತ್ತಿದ್ದನಂತೆ. ಇದನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಪತ್ರಿಕೆಯಿಂದ ತಲೆ ಎತ್ತದೆ, "ಚಹಾ ಎಲ್ಲಿ ಕುಡಿಯುತ್ತಿದ್ದ?" ಎಂದರು.

ನೆಂಟರ ತಕರಾರು ಬೇರೆ. ಈ ವಯಸ್ಸಿನಲ್ಲಿ ನೀರಿಗಿಳಿಯುವುದೇ, ಅದೂ ಎಂಥ ಬಟ್ಟೆಯಲ್ಲಿ ಎಂದು ನಾದಿನಿ ಫೋನಿನಲ್ಲೇ ಕೇಳಿದಳು. ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ರಬ್ಬರಿನ ದಿರಿಸು ಇದೆಯೆಂದೂ, ಮುಖಕ್ಕೆ ಗಾಜಿನ ಮುಸುಕೂ ಇರುತ್ತದೆಂದೂ ಹೇಳಿದೆ. ಸುಮ್ಮನಾದಳು.

ನನ್ನ ಉತ್ಸಾಹಕ್ಕೆ ಮೊದಲು ತಣ್ಣೀರು ಬಿದ್ದದ್ದು ಹವಳಗಳ ಸುದ್ದಿ ಓದಿದಾಗ. ಹವಳದ ಹುಳು ತನ್ನ ಮೈಯೊಳಗೆ ಸಣ್ಣ ಪಾಚಿಯನ್ನು ಸಾಕಿಕೊಂಡಿರುತ್ತದೆ. ಅದರ ಅನ್ನ ಬಹುಪಾಲು ಆ ಪಾಚಿಯದೇ, ಬಣ್ಣದಲ್ಲೂ ಅದರದೇ ದೊಡ್ಡ ಪಾಲು. ನೀರು ಮಿತಿ ಮೀರಿ ಕಾದರೆ ಪಾಚಿಯನ್ನು ಹೊರದಬ್ಬಿ ಸುಣ್ಣದಂತೆ ಬಿಳಿಚಿಕೊಳ್ಳುತ್ತದೆ. ಶಾಖ ಬೇಗ ಇಳಿದರೆ ಚೇತರಿಸೀತು, ಇಲ್ಲವಾದರೆ ಹಸಿವಿನಿಂದಲೇ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ ಆಯಿತು. ಅದೇ 2024ರ ಜನವರಿಯಲ್ಲಿ ಪ್ರಧಾನಿಯವರು ಅಲ್ಲಿ ನೀರಿಗಿಳಿದ ಚಿತ್ರಗಳು ಬಂದು ದೇಶವೆಲ್ಲ ಆ ದ್ವೀಪಗಳನ್ನು ಹುಡುಕಿತ್ತು. ಕೆಲವೇ ತಿಂಗಳಲ್ಲಿ ಹವಳ ಬಿಳಿಚಿಕೊಂಡದ್ದನ್ನು ಹುಡುಕಿದವರು ಕಡಿಮೆ. ನಾವು ಬೆಚ್ಚನೆಯ ನೀರು ಹುಡುಕಿ ಹೊರಟಿದ್ದೇವೆ, ಅಲ್ಲಿ ಆ ಬಿಸಿಯೇ ಕೊಲ್ಲುತ್ತಿದೆ. ಹೋಗುವುದು ಬೇಡವೆಂದು ಇದಕ್ಕೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನೋಡುವ ಆಸೆ ಅಷ್ಟಿತ್ತು.

ಆಮೇಲೆ ಬಂತು ಆರೋಗ್ಯದ ಫಾರಂ. ಹತ್ತು ಪ್ರಶ್ನೆ, ಹೌದು ಅಥವಾ ಇಲ್ಲ. ಮೊದಲನೆಯದೇ ಶ್ವಾಸಕೋಶ, ಹೃದಯದ ತೊಂದರೆ. ಎರಡನೆಯದು ವಯಸ್ಸು ನಲವತ್ತೈದು ದಾಟಿದೆಯೇ. ಆರಂಭದಲ್ಲೇ ಎರಡು ಗೋತಾ! ಮಗಳಿಗೆ ಫೋನು ಮಾಡಿದರೆ, "ಎಲ್ಲದಕ್ಕೂ ಇಲ್ಲ ಅಂತ ಹಾಕಿ ಅಮ್ಮೀ, ಎಲ್ಲರೂ ಹಾಗೇ ಮಾಡ್ತಾರೆ. ನಾನೂ ಹಾಕಿದ್ದೇನೆ" ಎಂದಳು.

ನಾನೂ ಹಾಕಿದ್ದೇನೆ ಎಂಬ ಮಾತು ರಾತ್ರಿಯಿಡೀ ಕಾಡಿತು. ಅವಳಿಗೂ ಹನ್ನೆರಡು ವರ್ಷದವರೆಗೆ ದಮ್ಮಿತ್ತು. ನನ್ನ ರಕ್ತದಿಂದ ಬಂದದ್ದು. ಎಷ್ಟು ಚಳಿಗಾಲ ಅವಳನ್ನು ಎದೆಗೊರಗಿಸಿಕೊಂಡು ಕುಳಿತಿದ್ದೆನೋ, ಅವಳಿಗೆ ನೆನಪಿಲ್ಲ.

ಬೆಳಿಗ್ಗೆ ನಮ್ಮ ಡಾಕ್ಟರ ಬಳಿ ಹೋದೆ. ಅವರು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಮೈ ಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಆ ಒತ್ತಡದಲ್ಲಿ ಎದೆ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಸ್ಕೂಬಾದವರ ಮೊದಲ ಕಟ್ಟಳೆ, ಯಾವಾಗಲೂ ಉಸಿರಾಡುತ್ತಲೇ ಇರಬೇಕು, ಹಿಡಿದಿಡಬಾರದು. ದಮ್ಮಿನವರ ಸಣ್ಣ ಗಾಳಿನಾಳ ಬಿಗಿದುಕೊಂಡರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹಿಗ್ಗಲು ಜಾಗವಿಲ್ಲದೆ ಶ್ವಾಸಕೋಶ ಹರಿಯಬಹುದು. ಅದರ ಮೇಲೆ ಸಿಲಿಂಡರಿನ ಗಾಳಿ ಬಹಳ ಒಣ. "ಈಗೆಲ್ಲ ದಮ್ಮಿದ್ದವರಿಗೆ ಪೂರ್ತಿ ಬೇಡ ಅನ್ನುವುದಿಲ್ಲ. ನಿಮಗೆ ಯಾವಾಗ ಬರುತ್ತದೆ?" ಎಂದು ಕೇಳಿದರು. ಚಳಿಗೆ, ಮೆಟ್ಟಿಲು ಹತ್ತಿದರೆ, ಜೋರಾಗಿ ನಕ್ಕರೆ, ಅತ್ತರೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿಟ್ಟರು.

ಮಗಳಿಗೆ ಹೇಳಿದಾಗ ಜಗಳವೇ ಆಯಿತು. ನನ್ನ ಕಾಯಿಲೆಯನ್ನು ಅವಳ ಮೇಲೆ ಹೊರಿಸುತ್ತಿದ್ದೇನಂತೆ. ಹೆದರಿಸಿ ಹೆದರಿಸಿಯೇ ಬೆಳೆಸಿದೆನಂತೆ. ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಕಾದವಳು ಮಗಳನ್ನೂ ಅಲ್ಲೇ ಕೂರಿಸಹೊರಟಳೇ ಎಂದು ನನಗೂ ಒಂದು ಕ್ಷಣ ಅನುಮಾನ ಬಂತು. "ನೀನು ಇಳಿಯಬೇಡ ಅನ್ನುತ್ತಿಲ್ಲ, ಊದಿ ತೋರಿಸಿ ಇಳಿ" ಎಂದೆ. ನಾಲ್ಕು ದಿನ ಫೋನಿಲ್ಲ. ಐದನೆಯ ದಿನ ಅವಳು ಬೆಂಗಳೂರಿನಲ್ಲಿ ಉಸಿರಿನ ಪರೀಕ್ಷೆ ಮಾಡಿಸಿ, ಡಾಕ್ಟರು ಸಹಿ ಹಾಕಿದ ಹಾಳೆಯ ಚಿತ್ರ ಕಳಿಸಿದಳು. ಒಂದು ಮಾತೂ ಬರೆದಿರಲಿಲ್ಲ. ಹಳೆಯ ಫಾರಂ ಹರಿದು ಹೊಸದು ತುಂಬಿದಳೆಂದು ಆಮೇಲೆ ತಿಳಿಯಿತು.

ಟಿಕೆಟ್ಟು ಎರಡೂ ಹಾಗೆಯೇ ಇವೆ. ಅವಳು ಆಳಕ್ಕೆ ಇಳಿಯುತ್ತಾಳೆ. ನಾನು ಕಡಮತ್‌ನ ಪಶ್ಚಿಮದ ಆಳವಿಲ್ಲದ ನೀರಿನಲ್ಲಿ, ಎದೆಮಟ್ಟ ನಿಂತು ಮುಖವಷ್ಟೇ ಮುಳುಗಿಸಿ ನೋಡುವುದೆಂದು ಒಪ್ಪಂದವಾಗಿದೆ. ಅಷ್ಟಕ್ಕಾದರೂ ತೇಲಲು ಬರಬೇಕೆಂದು ಊರಿನ ಈಜುಕೊಳದಲ್ಲಿ ಹೆಂಗಸರ ತಂಡಕ್ಕೆ ಸೇರಿದ್ದೇನೆ. ಜೊತೆಗಿರುವವರು ಹೆಚ್ಚಿನವರು ನನ್ನ ಮಗಳ ವಯಸ್ಸಿನವರು. ಸೊಂಟದಲ್ಲಿ ಇನ್‌ಹೇಲರ್ ಕಟ್ಟಿಕೊಳ್ಳಲಾಗದು, ಅದನ್ನು ಕೊಳದ ಅಂಚಿನಲ್ಲಿ ಚಪ್ಪಲಿಯೊಳಗೆ ಇಟ್ಟು ಇಳಿಯುತ್ತೇನೆ. ನಿನ್ನೆ ನಮ್ಮವರು ಬಂದು ಗೇಟಿನ ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕಾದರು.