ಹೊಟ್ಟೆಯಿಂದ ಕೂಗು

ಕನ್ನಡದಲ್ಲಿ ‘ಸಾವಧಾನ’ ಎಂದರೆ ಆತುರವಿಲ್ಲದೆ, ನಿಧಾನವಾಗಿ. ಎನ್‌ಸಿಸಿ ಮೈದಾನದಲ್ಲಿ ‘ಸಾವಧಾನ್’ ಎಂದರೆ ಎಡಗಾಲನ್ನು ಎತ್ತಿ ಬಲಗಾಲಿನ ಪಕ್ಕಕ್ಕೆ ಅಪ್ಪಳಿಸಿ ಕಂಬದಂತೆ ನಿಲ್ಲುವುದು. ‘ವಿಶ್ರಾಮ್’ ಎಂದಾಗಲೂ ವಿಶ್ರಾಂತಿಯಿಲ್ಲ, ಕೈ ಹಿಂದೆ ಕಟ್ಟಿ ಅಲ್ಲಾಡದೆ ನಿಲ್ಲಬೇಕು. ಸ್ವಲ್ಪ ಸಡಿಲವಾಗಬೇಕಾದರೆ ‘ಆರಾಮ್ ಸೇ’ ಎಂದು ಬೇರೆಯೇ ಅಪ್ಪಣೆ ಬರಬೇಕು. ಸಾಗರದ ಕಡೆಯ ನಮಗೆ ಹಿಂದಿ ಎಂದರೆ ಸಿನಿಮಾ ಹಾಡು, ಇಲ್ಲವೇ ಇದು. ಮದುವೆಯಾಗಿ ಪುಣೆಗೆ ಬಂದಾಗ ನನಗೆ ಸಲೀಸಾಗಿ ಬರುತ್ತಿದ್ದ ಹಿಂದಿಯೆಲ್ಲ ಅಪ್ಪಣೆಯ ಹಿಂದಿ. ತರಕಾರಿಯವನ ಮುಂದೆ ಅದು ಉಪಯೋಗಕ್ಕೆ ಬರಲಿಲ್ಲ.

ಎಂಟನೇ ಕ್ಲಾಸಿನ ಮಗಳು ಈಗ ಎನ್‌ಸಿಸಿ ಅರ್ಜಿ ತಂದಿದ್ದಾಳೆ. ಮನೆಯಲ್ಲಿ ಒಮ್ಮತವಿಲ್ಲ. ‘ಹೇಳಿದ ಹಾಗೆ ಕೇಳೋದನ್ನ ಕಲಿಸೋಕೆ ಯೂನಿಫಾರ್ಮ್ ಬೇರೆ ಬೇಕಾ? ಶಾಲೆ ಅದನ್ನೇ ತಾನೇ ಮಾಡ್ತಿರೋದು?’ ಎಂದು ಇವರು. ಪ್ರಶ್ನೆ ಹಗುರದ್ದಲ್ಲ.

ಅಪ್ಪನದ್ದೂ ವಿರೋಧವೇ, ಕಾರಣ ಮಾತ್ರ ಬೇರೆ. 1948ರಲ್ಲಿ ಶುರುವಾದಾಗ ಎನ್‌ಸಿಸಿ ಇಷ್ಟವಿದ್ದವರಿಗೆ ಮಾತ್ರ ಇತ್ತು. 1962ರ ಚೀನಾ ಯುದ್ಧದ ಮರುವರ್ಷ ಕಾಲೇಜು ಹುಡುಗರಿಗೆ ಅದನ್ನು ಕಡ್ಡಾಯ ಮಾಡಿದರು, 1968ರಲ್ಲಿ ಕೈಬಿಟ್ಟರು. ಅಪ್ಪ ಸರಿಯಾಗಿ ನಡುವೆ ಸಿಕ್ಕಿಬಿದ್ದವರು. ಅವರ ನೆನಪಿನಲ್ಲಿ ಉಳಿದದ್ದು ಹಾಜರಿ ಪುಸ್ತಕ, ಅಳತೆಗೆ ಸರಿಹೋಗದ ಬೂಟು, ಪರೇಡು ತಪ್ಪಿಸಲು ಹುಡುಗರು ಹೂಡುತ್ತಿದ್ದ ಹೊಟ್ಟೆನೋವು. ಅದೇ ಮೈದಾನ, ಅದೇ ಕವಾಯತು. ಬಲವಂತದಿಂದ ಶಿಸ್ತಲ್ಲ, ತಪ್ಪಿಸಿಕೊಳ್ಳುವ ಜಾಣತನ ಬಂತು ಅಷ್ಟೇ.

ನಾನು ಸೇರಿದ್ದು ನಾನಾಗಿಯೇ, ಅದೂ ಅರ್ಧ ಪರೇಡಿನ ನಂತರ ಕೊಡುತ್ತಿದ್ದ ತಿಂಡಿಯ ಆಸೆಗೆ. ಹತ್ತು ದಿನದ ಕ್ಯಾಂಪಿಗೆ ಹೋಗಲು ಅಮ್ಮನನ್ನು ಒಪ್ಪಿಸಲು ಒಂದು ತಿಂಗಳು ಬೇಕಾಯಿತು. ನೆಂಟರ ಮನೆಯಲ್ಲದ ಜಾಗದಲ್ಲಿ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ರಾತ್ರಿ ಕಳೆದದ್ದು ಅದೇ ಮೊದಲು. ರೈಫಲ್ ಹಿಡಿಯುತ್ತೇವೆಂದು ಕನಸು ಕಂಡಿದ್ದೆವು. ಸಿಕ್ಕಿದ್ದು .22 ರೈಫಲ್ಲಿನ ಐದು ಗುಂಡು, ನನ್ನವು ಐದೂ ಮಣ್ಣಿಗೆ. ಉಳಿದ ಹೊತ್ತೆಲ್ಲ ತಟ್ಟೆ ತೊಳೆಯುವ ಸಾಲು, ನೀರಿನ ಸಾಲು, ಕಕ್ಕಸಿನ ಸಾಲು.

ಆದರೆ ಒಂದು ಸಂಜೆ ‘ವರ್ಡ್ ಆಫ್ ಕಮಾಂಡ್’ ಅಭ್ಯಾಸ ಮಾಡಿಸಿದರು. ಒಬ್ಬೊಬ್ಬಳನ್ನಾಗಿ ಮೈದಾನದ ಆ ತುದಿಗೆ ಕಳಿಸುವುದು, ಅಲ್ಲಿಂದ ಕೂಗಿ ಈ ತುದಿಯ ಇಪ್ಪತ್ತು ಹುಡುಗಿಯರನ್ನು ನಡೆಸುವುದು. ನನ್ನ ದನಿ ಅರ್ಧ ದಾರಿಯಲ್ಲೇ ಬಿದ್ದುಹೋಯಿತು. ‘ಗಲೇ ಸೇ ನಹೀ, ಪೇಟ್ ಸೇ!’ ಎಂದರು ಗಢವಾಲದ ಹವಾಲ್ದಾರರು. ಗಂಟಲಿನಿಂದಲ್ಲ, ಹೊಟ್ಟೆಯಿಂದ. ಹುಡುಗಿಯರ ಮಾತು ಜಗಲಿ ದಾಟಬಾರದು ಎಂದು ಅಜ್ಜಿ ಹೇಳುತ್ತಿದ್ದ ಮನೆಯವಳು ನಾನು. ನಾಲ್ಕನೇ ಸಲಕ್ಕೆ ‘ತೇಜ್ ಚಲ್’ ಎಂಬುದು ಹೊಟ್ಟೆಯಿಂದ ಹೊರಟಿತು. ಅಷ್ಟು ದೂರದಲ್ಲಿ ಇಪ್ಪತ್ತು ಎಡಗಾಲು ಒಟ್ಟಿಗೆ ಎದ್ದವು. ನನಗೇ ಭಯವಾಯಿತು.

ಮರುದಿನ ಕೂಗುವ ಸರದಿ ಕ್ಲಾಸಿನಲ್ಲಿ ಯಾರೂ ಮಾತಾಡಿಸದ ಹುಡುಗಿಯೊಬ್ಬಳದು. ಅವಳು ‘ಪೀಛೇ ಮುಡ್’ ಎಂದಾಗ ನಾನು ತಿರುಗಿದೆ. ಕೇಳುವುದೂ ಹೇಳುವುದೂ ಸರದಿಯ ಮೇಲೆ ಬಂದದ್ದು ನನ್ನ ಬದುಕಿನಲ್ಲಿ ಅಲ್ಲಿ ಮಾತ್ರ. ಮನೆಯಲ್ಲಿ, ಕಾಲೇಜಿನಲ್ಲಿ, ಆಮೇಲೆ ಆಫೀಸಿನಲ್ಲಿ ಸರದಿ ಬದಲಾಗಲೇ ಇಲ್ಲ. ಇವರಿಗೆ ನಾನು ಕೊಟ್ಟ ಉತ್ತರ ಇಷ್ಟೇ. ನಾಯಕತ್ವ, ವ್ಯಕ್ತಿತ್ವ ವಿಕಸನ ಎಂದೆಲ್ಲ ಕರಪತ್ರದಲ್ಲಿ ಹಾಕುತ್ತಾರಲ್ಲ, ಅದು ನನಗೆ ಬಂತೆಂದು ಎದೆ ತಟ್ಟಿ ಹೇಳಲಾರೆ. ದನಿ ಬಂತು.

‘ಅವಳಿಗೆ ದನಿ ಕಡಿಮೆಯಿದೆಯಾ?’ ಎಂದು ಇವರು ನಕ್ಕರು. ನಿಜ. ಇವಳ ಕೂಗು ಸೊಸೈಟಿಯ ಗೇಟಿನವರೆಗೂ ಕೇಳುತ್ತದೆ. ಕಡಿಮೆಯಿರುವುದು ಬೇರೆ: ಗುರುತಿಲ್ಲದವರ ಜೊತೆ ನೀರಿನ ಸಾಲಿನಲ್ಲಿ ನಿಂತಿಲ್ಲ, ತಿಂದ ತಟ್ಟೆ ತೊಳೆದಿಲ್ಲ. ‘ಮುಂದೆ ಏನು ಉಪಯೋಗ?’ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಕಾಲೇಜಿನಲ್ಲೂ ಮುಂದುವರಿಸಿ ‘ಸಿ’ ಸರ್ಟಿಫಿಕೇಟ್ ಪಡೆದರೆ, ಸೇನೆಯ ಅಧಿಕಾರಿಯಾಗಲು ಲಿಖಿತ ಪರೀಕ್ಷೆಯಿಲ್ಲದೆ ನೇರ ಸಂದರ್ಶನಕ್ಕೆ ಹೋಗುವ ದಾರಿಯೂ ಒಂದಿದೆ. ಅದನ್ನು ಅವಳಿಗೆ ನಾನಾಗಿ ಹೇಳಿಲ್ಲ. ಅಷ್ಟು ದೂರ ಯೋಚಿಸಿದರೆ ಅಮ್ಮ ಅಂದು ಒಂದು ತಿಂಗಳು ಯಾಕೆ ಹಿಡಿದಳೆಂದು ಅರ್ಥವಾಗುತ್ತದೆ.

ಪೋಷಕರ ಸಹಿಗೆ ಅರ್ಜಿಯಲ್ಲಿ ಒಂದೇ ಗೆರೆ ಇದೆ. ಮೂರು ದಿನದಿಂದ ಅದು ಫ್ರಿಜ್ಜಿನ ಮೇಲಿದೆ, ಸೋಮವಾರ ಕೊಡಬೇಕು. ಈ ವಿಷಯದಲ್ಲಿ ಮಗಳು ಇನ್ನೂ ಒಂದು ಸಲವೂ ದನಿ ಎತ್ತಿಲ್ಲ. ಪೆನ್ನನ್ನು ಮಾತ್ರ ಅರ್ಜಿಯ ಮೇಲೆ ಇಟ್ಟುಹೋಗಿದ್ದಾಳೆ.