ಕರಿಯುವವರು ಯಾವಾಗ ತಿನ್ನಬೇಕು?

ಅಮೆರಿಕಾದ ನಾರ್ತ್ ಕೆರೊಲೈನಾದ ಮೀನಿನ ಹೋಟೆಲುಗಳಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ನೀವು ಕೂತು ಉಸಿರು ಬಿಡುವಷ್ಟರಲ್ಲಿ, ಏನು ಬೇಕೆಂದು ಇನ್ನೂ ಬಾಯಿ ತೆರೆಯುವ ಮೊದಲೇ, ಒಂದು ಬುಟ್ಟಿ ತಂದು ಮುಂದಿಟ್ಟು ಹೋಗುತ್ತಾರೆ. ಎಣ್ಣೆ ಹೀರಿದ ಕಾಗದದ ಮೇಲೆ ನಿಂಬೆಹಣ್ಣಿನ ಗಾತ್ರದ ಕಂದು ಉಂಡೆಗಳು. ಹೊರಗೆ ಗರಿಗರಿ. ಮುರಿದರೆ ಒಳಗೆ ಹಳದಿ, ಮೆತ್ತಗೆ, ಮೂಗಿಗೆ ಹಬೆ. ಇದರ ಹೆಸರು ಹಶ್ ಪಪ್ಪಿ. ಮೆಕ್ಕೆಜೋಳದ ತರಿಹಿಟ್ಟು, ಮಜ್ಜಿಗೆ, ಈರುಳ್ಳಿ, ಮೊಟ್ಟೆ, ಸೋಡಾ, ಉಪ್ಪು, ಇಷ್ಟೇ ಸಾಮಾನು. ನಮ್ಮ ಕಡೆಯವರ ಕೈ ಅದನ್ನು ಬೋಂಡ ಎಂದೇ ತಿಳಿದು ಮುಂದೆ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು. ಆಫೀಸಿನವರು ಮನೆಮಂದಿಯನ್ನೆಲ್ಲ ಕರೆದಿದ್ದ ಊಟ ಅದು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೊಣಕೈ ತಿವಿದು, "ರೀ, ಮೀನು ಕರಿದ ಎಣ್ಣೆಯಲ್ಲೇ ಇದನ್ನೂ ಕರೀತಾರಂತೆ" ಎಂದಳು. ಕೈ ವಾಪಸು ಬಂತು. ಹಬೆ ಮಾತ್ರ ಬರುತ್ತಲೇ ಇತ್ತು.

ಆಮೇಲೆ ಓದಿ ನೋಡಿದರೆ, ಅದು ಹುಟ್ಟಿದ್ದೇ ಮೀನು ಕರಿದ ಎಣ್ಣೆಯಲ್ಲಿ. ಪಕ್ಕದ ಸೌತ್ ಕೆರೊಲೈನಾದಲ್ಲಿ ಎಡಿಸ್ಟೊ ಎಂಬ ನದಿಯಿದೆ. ಅದರ ದಂಡೆಯಲ್ಲಿ ರೋಮಿಯೋ ಗೋವನ್ ಎಂಬ ಬಾಣಸಿಗನಿದ್ದ. ಹುಟ್ಟುವಾಗ ಗುಲಾಮ, ಆಮೇಲೆ ಸುತ್ತಲಿನ ದೊಡ್ಡ ದೊಡ್ಡವರೆಲ್ಲ ಅವನ ಕೈರುಚಿಗಾಗಿ ನದಿಯವರೆಗೆ ಹುಡುಕಿಕೊಂಡು ಬರುವಂತಾದ ಮನುಷ್ಯ. 1915ರಲ್ಲಿ ತೀರಿಕೊಂಡ. ರೆಡ್ ಹಾರ್ಸ್ ಎಂಬ ಮೀನು ಕರಿದ ಮೇಲೆ ಅದೇ ಕೊಬ್ಬಿನಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಚಮಚದಿಂದ ಬಿಡುತ್ತಿದ್ದ. ಅದಕ್ಕೆ ಆಗ ರೆಡ್ ಹಾರ್ಸ್ ಬ್ರೆಡ್ ಎಂದೇ ಹೆಸರು. ಆಹಾರದ ಇತಿಹಾಸ ಬರೆಯುವ ರಾಬರ್ಟ್ ಮಾಸ್ ಹಳೆಯ ಪತ್ರಿಕೆಗಳನ್ನು ಜಾಲಾಡಿ ಇದನ್ನೆಲ್ಲ ಹೊರಗೆ ತೆಗೆದಿದ್ದಾರೆ. ಊರವರಿಗೆ ಮಾತ್ರ ಈ ಕಥೆ ಬೇಕಿಲ್ಲ. ಬೇಟೆಗಾರರೋ ಅಂತರ್ಯುದ್ಧದ ಸೈನಿಕರೋ ಬೊಗಳುವ ನಾಯಿಗಳ ಬಾಯಿ ಮುಚ್ಚಿಸಲು ಒಂದೊಂದು ಉಂಡೆ ಎಸೆದು "ಹಶ್, ಪಪ್ಪಿ", ಅಂದರೆ ಸುಮ್ಮನಿರು ಮರಿ, ಎಂದರು ಎಂಬ ಕಥೆಯೇ ಅವರಿಗೆ ಪ್ರೀತಿ. ನಾಯಿಗೆ ಎಸೆದವರ ಕಥೆ ಎಲ್ಲರ ಬಾಯಲ್ಲಿ ಉಳಿದು, ಕರಿದವನ ಹೆಸರು ಹಳೆಯ ಪೇಪರಿನ ಕಟ್ಟಿನಲ್ಲಿ ಉಳಿದದ್ದು ನನಗೇನೂ ಆಶ್ಚರ್ಯ ತರಲಿಲ್ಲ. ಅಡುಗೆಮನೆಯ ಮಟ್ಟಿಗೆ ಪ್ರಪಂಚ ಎಲ್ಲ ಕಡೆಯೂ ಹೀಗೆಯೇ.

ಇನ್ನು ಬಾಟಾ ಅಂಗಡಿಯಲ್ಲಿ ಈ ಹೆಸರಿನ ಶೂ ನೋಡಿದವರಿಗೆ ಒಂದು ಮಾತು: ತಿಂಡಿ ಮೊದಲು, ಶೂ ಆಮೇಲೆ. ಶೂ ಬಂದದ್ದು 1958ರಲ್ಲಿ.

ಹೋಟೆಲಿನದು ನಮಗಲ್ಲ ಎಂದ ಮೇಲೆ ಮನೆಯಲ್ಲೇ ಮಾಡಬೇಕು. ಅಷ್ಟರಲ್ಲಿ ಹಾವೇರಿಯಿಂದ ಅವ್ವ ಬಂದಿದ್ದಳು. ಮೊಟ್ಟೆಯನ್ನು ಮನೆಯೊಳಗೆ ಬಿಟ್ಟುಕೊಳ್ಳದವಳು. ಫ್ರಿಜ್ಜಿನಲ್ಲಿ ಒಂದು ಡಬ್ಬಿ ಇದ್ದರೂ ಆ ಬಾಗಿಲನ್ನು ಸೆರಗಿನಿಂದ ಹಿಡಿದು ತೆಗೆಯುವವಳು. ನಾನು ತಂದ ಹಿಟ್ಟಿನ ಚೀಲ ಬಿಚ್ಚಿ, ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಲ್ಲಿ ಉಜ್ಜಿದಳು.

"ಗೊಂಜಾಳ ಅಲ್ಲೇನ ತಮ್ಮಾ ಇದು?"

"ಹೌದವ್ವ."

"ಕೋಳಿ ಫಾರ್ಮಿಗೆ ಹೋಗೂ ಮಾಲಿಗೆ ಡಾಲರ್ ಕೊಟ್ಟು ಬಂದಿಯಲ್ಲೋ!"

ಅವಳ ಮಾತಿನಲ್ಲಿ ತಪ್ಪಿಲ್ಲ. ಹಾವೇರಿ, ದಾವಣಗೆರೆ ಕಡೆ ಮಳೆಗಾಲದಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಮೆಕ್ಕೆಜೋಳವೇ ಮೆಕ್ಕೆಜೋಳ. ಹತ್ತಿ ಇದ್ದ ಹೊಲ, ಬಿಳಿಜೋಳ ಇದ್ದ ಹೊಲ ಎಷ್ಟೋ ಇದಕ್ಕೆ ತಿರುಗಿವೆ. ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಕಾಳು ಒಣಗಲು ಹಾಕಿ, ಬಸ್ಸು ಉಳಿದರ್ಧದಲ್ಲಿ ಹೋಗಬೇಕು. ಆದರೆ ಬೆಳೆದವರ ಮನೆಯ ರೊಟ್ಟಿ ಬಿಳಿಜೋಳದ್ದೇ. ಹಸಿ ತೆನೆ ಸುಟ್ಟು ತಿಂದರೆ ಅಲ್ಲಿಗೆ ಮನುಷ್ಯರ ಪಾಲು ಮುಗಿಯಿತು. ಉಳಿದದ್ದು ಕೋಳಿಗೆ, ಪಿಷ್ಟದ ಕಾರ್ಖಾನೆಗೆ. ಇಷ್ಟೆಲ್ಲ ಬೆಳೆದೂ ನಾವು ಅದನ್ನು ಒಲೆಯ ಹತ್ತಿರ ಬಿಟ್ಟುಕೊಂಡಿಲ್ಲ. ಗೋವಿನಜೋಳ ಎಂದು ಕರೆದು ದನದ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ.

ಮೈಸೂರು ಕಡೆಯ ನನ್ನ ಹೆಂಡತಿಗೆ ಇದನ್ನು ಕೇಳಿ ಸುಮ್ಮನಿರಲಾಗಲಿಲ್ಲ. "ಮುಸುಕಿನ ಜೋಳ ಅಂದ್ರೆ ಅಷ್ಟು ಸಸಾರನಾ ಅತ್ತೆ? ನಮ್ಮ ಸೋಮನಾಥಪುರದ ದೇವಸ್ಥಾನದಲ್ಲಿ ಕಲ್ಲಲ್ಲಿ ಕೆತ್ತಿದ್ದಾರೆ" ಎಂದಳು. ಇದೊಂದು ದೊಡ್ಡ ಜಗಳದ ಬಾಲ. 1989ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಕಾರ್ಲ್ ಜೊಹಾನೆಸ್ಸೆನ್, ಹೊಯ್ಸಳರ ವಿಗ್ರಹಗಳ ಕೈಯಲ್ಲಿರುವ ಉದ್ದನೆಯ, ಕಾಳುಕಾಳಾದ ವಸ್ತು ಮೆಕ್ಕೆಜೋಳದ ತೆನೆಯೇ ಎಂದು ಬರೆದರು. ಹಾಗಿದ್ದರೆ ಕೊಲಂಬಸ್‌ಗಿಂತ ಇನ್ನೂರು ವರ್ಷ ಮೊದಲೇ ಅದು ನಮ್ಮಲ್ಲಿತ್ತು ಎಂದಾಯಿತು. ನಮ್ಮ ದೇಶದ ಮೆಕ್ಕೆಜೋಳದ ವಿಜ್ಞಾನಿಗಳೇ ಅದನ್ನು ಒಪ್ಪಲಿಲ್ಲ. ಅದು ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು, ಮುಕ್ತಾಫಲ ಎಂದರು. ಹೆಂಡತಿ ಜೊಹಾನೆಸ್ಸೆನ್ ಪಕ್ಷ. ಅವ್ವ ಎರಡೂ ಪಕ್ಷ ಕೇಳಿ, "ದೇವರ ಕೈಯಾಗ ಇದ್ದರ ಇರಲೇಳು, ದೇವರೇನು ಕರದು ತಿಂದಾನ?" ಎಂದು ತೀರ್ಪು ಕೊಟ್ಟಳು.

ಅವಳ ಮೂಗಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹಿಟ್ಟಿನ ಜೊತೆ ನಾನು ಮೆಕ್ಸಿಕನ್ ಅಂಗಡಿಯಿಂದ ಮಾಸಾ ಎಂಬ ಇನ್ನೊಂದು ಚೀಲವನ್ನೂ ತಂದಿದ್ದೆ. ಅದನ್ನು ಮೂಸಿದವಳೇ "ಇದರಾಗ ಸುಣ್ಣ ಐತಿ" ಎಂದಳು. ದಿನಕ್ಕೆ ನಾಲ್ಕು ಸಲ ಎಲೆ ಅಡಿಕೆ ಹಾಕುವ ಬಾಯಿಗೆ ಗೊತ್ತಾಗದೆ ಇರುತ್ತದೆಯೇ? ಮಾಸಾಕ್ಕೆ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿಯೇ ಅರೆಯುತ್ತಾರೆ. ಮೆಕ್ಸಿಕೋ ನೆಲದ ಮೂಲ ಜನ ಸುಣ್ಣವೋ ಕಟ್ಟಿಗೆಯ ಬೂದಿಯೋ ಹಾಕಿಯೇ ಕಾಳು ಬೇಯಿಸುತ್ತಿದ್ದರು. ಆಮೇಲೆ ಬಂದವರು ಕಾಳು ತೆಗೆದುಕೊಂಡರು, ಸುಣ್ಣ ಬಿಟ್ಟರು. ಸುಣ್ಣವಿಲ್ಲದಿದ್ದರೆ ಅದರೊಳಗಿನ ನಯಾಸಿನ್ ಮೈಗೆ ಹತ್ತುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಈ ದಕ್ಷಿಣದ ರಾಜ್ಯಗಳಲ್ಲಿ ಮೂರು ಹೊತ್ತೂ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿಕೊಬ್ಬು ತಿಂದ ಬಡವರು ಪೆಲಾಗ್ರದಿಂದ ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಅದು ಅಂಟುರೋಗವಲ್ಲ, ಊಟದ ಕೊರತೆ ಎಂದು ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರ್ 1914ರಿಂದ ಗಂಟಲು ಹರಿದುಕೊಂಡರೂ ಬಹಳ ಜನ ನಂಬಲಿಲ್ಲ. ಅವ್ವನ ಸುಣ್ಣದ ಡಬ್ಬಿಯನ್ನು ಅಂದಿನಿಂದ ನಾನು ಸ್ವಲ್ಪ ಗೌರವದಿಂದ ನೋಡುತ್ತೇನೆ.

ಇರಲಿ, ಹಶ್ ಪಪ್ಪಿಗೆ ಮಾಸಾ ಬೇಡ, ತರಿಯೇ ಬೇಕು. ಮೂರು ಪಾಲು ತರಿಹಿಟ್ಟಿಗೆ ಒಂದು ಪಾಲು ಮೈದಾ. ಮೆಕ್ಕೆಜೋಳದಲ್ಲಿ ಗೋಧಿಯ ಜಿಗುಟಿಲ್ಲ. ಬರೀ ಅದನ್ನೇ ಎಣ್ಣೆಗೆ ಬಿಟ್ಟರೆ ಮರಳಿನಂತೆ ಬಿಚ್ಚಿಕೊಳ್ಳುತ್ತದೆ. ಇಲ್ಲಿನವರು ಕಟ್ಟಿ ಹಿಡಿಯಲೆಂದು ಮೊಟ್ಟೆ ಒಡೆದು ಹಾಕುತ್ತಾರೆ. ಮೊಟ್ಟೆ ಬಿಟ್ಟವರಿಗೆ ತಾಳ್ಮೆಯೇ ಮೊಟ್ಟೆ: ಮಜ್ಜಿಗೆಯಲ್ಲಿ ಕಲಸಿ ಕಾಲು ಗಂಟೆ ಮುಚ್ಚಿಟ್ಟರೆ ತರಿ ನೀರು ಕುಡಿದು ಊದಿ, ತಾನೇ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಸೋಡಾ ಮಾತ್ರ ಕೊನೆಗೆ, ಎಣ್ಣೆ ಕಾದ ಮೇಲೆ. ಮಜ್ಜಿಗೆಯ ಹುಳಿ ತಾಗಿದೊಡನೆ ಅದು ಗುಳ್ಳೆ ಏಳಿಸುತ್ತದೆ, ಮೊದಲೇ ಹಾಕಿದರೆ ಉಸಿರೆಲ್ಲ ಪಾತ್ರೆಯಲ್ಲೇ ಹೋಗಿರುತ್ತದೆ. ಇಲ್ಲಿ ಬಟರ್‌ಮಿಲ್ಕ್ ಎಂದು ಮಾರುವುದು ನಮ್ಮ ಮಜ್ಜಿಗೆಯಲ್ಲ, ಹೆಚ್ಚುಕಡಿಮೆ ತೆಳ್ಳಗಿನ ಮೊಸರು. ಅವ್ವ ಅದಕ್ಕೆ ನೀರು ಬೆರೆಸಿ, ಇಂಗು ಕರಿಬೇವಿನ ಒಗ್ಗರಣೆ ಕೊಟ್ಟು ಅರ್ಧ ಡಬ್ಬಿ ಕುಡಿದು ಮುಗಿಸಿದ್ದಳು. ಈರುಳ್ಳಿ ಹೆಚ್ಚಬೇಡ, ತುರಿ, ರಸ ಹಿಟ್ಟಿಗಿಳಿಯಲಿ ಎಂಬುದು ಪಕ್ಕದ ಮನೆಯ ಅಜ್ಜ ಹೇಳಿಕೊಟ್ಟದ್ದು. ಹಸಿಮೆಣಸಿನಕಾಯಿ ನಮ್ಮ ಸೇರ್ಪಡೆ. ಅಜ್ಜ ಅದಕ್ಕೆ ತಕರಾರು ಮಾಡಲಿಲ್ಲ. ಅವನ ತಕರಾರೆಲ್ಲ ಸಕ್ಕರೆಯ ಮೇಲೆ. ಇಲ್ಲಿ ಮೆಕ್ಕೆಜೋಳದ ಹಿಟ್ಟಿಗೆ ಸಕ್ಕರೆ ಹಾಕುವವರು, ಹಾಕದವರು ಎಂದು ಎರಡು ಪಂಗಡ; ಸಾಂಬಾರಿಗೆ ಬೆಲ್ಲ ಹಾಕುವ ವಿಷಯದಲ್ಲಿ ನನ್ನ ಅವ್ವನಿಗೂ ನನ್ನ ಹೆಂಡತಿಗೂ ಇರುವಷ್ಟೇ ಗಟ್ಟಿ ಭಿನ್ನಾಭಿಪ್ರಾಯ.

ಕರಿಯುವುದೆಲ್ಲಿ ಎಂಬುದೇ ನಿಜವಾದ ಪ್ರಶ್ನೆ. ಇಲ್ಲಿನ ಮನೆಗಳು ಕರಿಯುವವರಿಗಾಗಿ ಕಟ್ಟಿದವಲ್ಲ. ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಎಳೆದು, ಒಂದು ಜರಡಿ ತೋರಿಸಿ, ನಮ್ಮ ಮುಖಕ್ಕೇ ವಾಪಸು ಊದುತ್ತದೆ. ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಚಾವಣಿಯ ಅಲಾರಾಂ ಕೂಗಿ ಬೀದಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಅದಕ್ಕೇ ಇರಬೇಕು, ಇಲ್ಲಿನ ಗಂಡಸರು ಗ್ಯಾಸ್ ಒಲೆಯನ್ನು ಹಿತ್ತಲಿಗೆ ಒಯ್ದು ನಿಂತು ಕರಿಯುತ್ತಾರೆ. ಪಕ್ಕದ ಅಜ್ಜನೂ ಹಾಗೆಯೇ. ಅವನ ಒಲೆ ಎರವಲು ತಂದೆ. ಎಣ್ಣೆ ಶೇಂಗಾದ್ದು. ಈ ರಾಜ್ಯದಲ್ಲಿ ಶೇಂಗಾ ಚೆನ್ನಾಗಿ ಬೆಳೆಯುತ್ತದೆ, ಇಲ್ಲಿ ಕರಿಯುವವರು ಅದನ್ನೇ ಮೆಚ್ಚುತ್ತಾರೆ. ಕಾಯುತ್ತಿದ್ದಂತೆ ಬಂದ ಘಮ ನಮ್ಮ ಹಾವೇರಿಯ ಅಡುಗೆಮನೆಯದೇ. ಹಿತ್ತಲ ಪೈನ್ ಮರಗಳ ಕೆಳಗೆ ಆ ವಾಸನೆ ಬಂದದ್ದಕ್ಕೆ ಒಂದು ನಿಮಿಷ ನಾನು ಸುಮ್ಮನೆ ನಿಂತೆ.

ಎಣ್ಣೆ 180 ಡಿಗ್ರಿ ಸೆಲ್ಸಿಯಸ್ ಎಂದು ನನ್ನ ಥರ್ಮಾಮೀಟರು. ಅವ್ವ ಹಿಟ್ಟಿನ ಒಂದು ಹನಿ ಬಿಟ್ಟು, "ಬಿಡು ಈಗ" ಎಂದಳು. ಎರಡೂ ಒಂದೇ ಹೊತ್ತಿಗೆ. ಒದ್ದೆ ಚಮಚದಿಂದ ಒಂದೊಂದೇ ಜಾರಿಸಿದರೆ ಮೊದಲು ಮುಳುಗುತ್ತವೆ, ಆಮೇಲೆ ಸುತ್ತ ನೊರೆ ಕಟ್ಟಿಕೊಂಡು ತೇಲುತ್ತವೆ. ನೋಡಬೇಕಾದದ್ದು ಅದರ ಮುಂದಿನದು. ಅಡಿ ಬೆಂದು ಹಗುರಾದ ಕೂಡಲೇ, ಯಾರೂ ಮುಟ್ಟದೆಯೇ, ಉಂಡೆ ಒಂದು ಸಲ ತೂಗಾಡಿ ತಾನಾಗಿ ಮಗುಚಿಕೊಳ್ಳುತ್ತದೆ. ಎಲ್ಲವೂ ಅಲ್ಲ, ಕೆಲವಕ್ಕೆ ಸೌಟಿನಿಂದ ಹೇಳಬೇಕಾಗುತ್ತದೆ. "ಶಾಣ್ಯಾ ಅದಾವ" ಎಂದಳು ಅವ್ವ. ಬದುಕಿಡೀ ಭಜಿ ಮಗುಚಿದವಳು ಕೊಟ್ಟ ಪ್ರಶಸ್ತಿ ಅದು.

ನಮ್ಮ ಮನೆಯಲ್ಲಿ ಮಳೆ ಹಿಡಿದ ಸಂಜೆ ಮಿರ್ಚಿ ಭಜಿ, ಗಿರ್ಮಿಟ್ಟು. ಅಪ್ಪ, ಅಪ್ಪನ ಗೆಳೆಯರು, ನಾವು ಮಕ್ಕಳು ಪಡಸಾಲೆಯಲ್ಲಿ. ಅವ್ವ ಒಳಗೆ. ತಾಟು ಹಿಡಿದು ಓಡಾಡುವ ನೌಕರಿ ನನ್ನದು. "ಇನ್ನೊಂದು ಒಬ್ಬೆ" ಎಂದು ಹೊರಗಿನಿಂದ ಕೂಗಿದರೆ ಒಳಗಿನಿಂದ ಉತ್ತರ ಬರುತ್ತಿರಲಿಲ್ಲ, ಭಜಿ ಬರುತ್ತಿತ್ತು. ಎಲ್ಲರೂ ಕೈ ಒರೆಸಿಕೊಂಡು ಮುಗಿದ ಮೇಲೆ, ಬಾಣಲೆಯ ತಳದಲ್ಲಿ ಉಳಿದ ಚೂರುಪಾರು, ಆರಿ ಮೆತ್ತಗಾದ ಒಂದೆರಡು ಭಜಿ ಅವಳ ಪಾಲು. ಬಿಸಿ ಭಜಿಯ ರುಚಿ ಅವಳಿಗೆ ಗೊತ್ತಿದ್ದದ್ದು ಉಪ್ಪು ನೋಡಲು ಮುರಿದ ಮೊದಲ ತುಣುಕಿನಿಂದ ಮಾತ್ರ. ಕರಿದ ತಿಂಡಿ ಇಬ್ಬರ ತಿಂಡಿ: ಒಬ್ಬರು ಕರಿಯಬೇಕು, ಒಬ್ಬರು ತಿನ್ನಬೇಕು. ಇಬ್ಬರೂ ಒಟ್ಟಿಗೆ ಕೂರುವಂತಿಲ್ಲ, ಕೂತರೆ ಆರುತ್ತದೆ. ಸಾರಿಗೆ, ಪಲ್ಯಕ್ಕೆ ಈ ಕಷ್ಟವಿಲ್ಲ.

ಹಾಗಾಗಿ ಅಂದು ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ಮೊದಲ ಒಬ್ಬೆ ಅವಳ ತಾಟಿಗೆ ಹಾಕಿದೆ. ಪಕ್ಕದಲ್ಲಿ ಶೇಂಗಾ ಚಟ್ನಿ. ಒಂದನ್ನು ಮುರಿದಳು, ಊದಿದಳು, ಬಾಯಿಗೆ ಹಾಕಿದಳು. ಅಗಿಯುತ್ತಲೇ ಎದ್ದು ನಿಂತಳು. "ಉರಿ ಸಣ್ಣ ಮಾಡು." ಕೂರಿಸಿದೆ. ಎರಡನೆಯದನ್ನು ಅರ್ಧ ತಿಂದು ಮತ್ತೆ ಎದ್ದಳು. "ಅವಳಿಗೆ ಹಾಕಿಯೇನ? ಹುಡುಗರಿಗೆ?" ಮತ್ತೆ ಕೂರಿಸಿದೆ. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ತಾಟು ಕುರ್ಚಿಯ ಮೇಲಿದೆ, ಅವ್ವ ಬಾಣಲೆಯ ಪಕ್ಕ ಇದ್ದಾಳೆ. ಕೈಯಲ್ಲಿ ಸೌಟು ಯಾವಾಗ ಬಂತೋ.

"ಕುಂತು ತಿನ್ನವಾ."

"ಕುಂತರ ರುಚಿ ಹತ್ತೂದಿಲ್ಲೋ ತಮ್ಮಾ."

ಸಿಟ್ಟು ಬಂತು, ನಗುವೂ ಬಂತು. ಇಷ್ಟು ವರ್ಷ ನಿಲ್ಲಿಸಿದವರು ನಾವೇ. ಈಗ ಒಂದು ಸಂಜೆ ಕೂರು ಎಂದರೆ ಕಾಲು ಕೇಳಬೇಕಲ್ಲ. ಕೊನೆಗೆ ಜಗಳ ಬಿಟ್ಟು ಒಂದು ಒಪ್ಪಂದಕ್ಕೆ ಬಂದೆವು. ಅವಳೂ ನಿಂತಳು, ನಾನೂ ನಿಂತೆ. ಒಬ್ಬೆ ಇಳಿದ ಕೂಡಲೇ ಮೊದಲ ಎರಡು ನಮ್ಮಿಬ್ಬರ ಬಾಯಿಗೆ, ಉಳಿದವು ಮೇಜಿಗೆ. ಬೇಲಿಯಾಚೆಯಿಂದ ಅಜ್ಜ ಇಣುಕಿ ನೋಡಿ, ಕರಿಯುವವರು ಹೀಗೆಯೇ ತಿನ್ನಬೇಕು, ತಾನೂ ತನ್ನ ಹಿತ್ತಲಲ್ಲಿ ಇದನ್ನೇ ಮಾಡುವುದು ಎಂದ. ಅವನ ಹೆಂಡತಿ ಒಳಗೆ ಕೂತು ಎಷ್ಟು ಹೊತ್ತು ಕಾಯುತ್ತಾಳೋ, ಅದನ್ನು ಅವನು ಹೇಳಲಿಲ್ಲ.

ಅವ್ವ ಊರಿಗೆ ಹೋದ ಮೇಲೆ ಗಿರಣಿಯವನಿಗೆ ದುಂಬಾಲು ಬಿದ್ದು ಮನೆಯ ಗೊಂಜಾಳವನ್ನು ತರಿಯಾಗಿ ಒಡೆಸಿಕೊಂಡಿದ್ದಾಳೆ. "ಕೋಳಿ ಸಾಕೀಯೇನ ಅಮ್ಮಾ?" ಎಂದು ಕೇಳಿದನಂತೆ. ಹಶ್ ಪಪ್ಪಿ ಎಂಬುದು ಅವಳ ನಾಲಿಗೆಗೆ ಒಗ್ಗಿಲ್ಲ, ಅಮೆರಿಕಾದ ಭಜಿ ಎನ್ನುತ್ತಾಳೆ. ನಿಂತುಕೊಂಡೇ ತಿನ್ನುತ್ತಾಳೆ, ಆದರೆ ಬಿಸಿಯದನ್ನೇ, ಮೊದಲಿನದನ್ನೇ. ಪಡಸಾಲೆಯವರು ಕಾಯುತ್ತಾರೆ.

ನೀವೂ ಮಾಡಿ ನೋಡಿ. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಬೇಡಿ, ಅದು ಬರೀ ಪಿಷ್ಟ, ಉಂಡೆಯಾಗುವುದಿಲ್ಲ. ಗಿರಣಿಯಲ್ಲಿ ಸಣ್ಣ ರವೆಯ ಹದಕ್ಕೆ ಒಡೆಸಿ. ಹುಳಿ ಮಜ್ಜಿಗೆ, ತುರಿದ ಈರುಳ್ಳಿ, ಎರಡು ಹಸಿಮೆಣಸು. ಸಕ್ಕರೆ ಹಾಕಬೇಡಿ, ಯಾರು ಹೇಳಿದರೂ.