ಯಾರ ಕೈಗೆ ಯಾವ ಕಾವು

ಕೊಡಲಿ, ಗುದ್ದಲಿ, ಸುತ್ತಿಗೆಗೆ ಹಾಕುವ ಹಿಡಿಗೆ ನಮ್ಮ ಕಡೆ ಕಾವು ಅನ್ನುತ್ತಾರೆ. ಗಾಲ್ಫ್ ಆಟದ ಕೋಲಿಗೂ ಅಂಥದೊಂದು ಕಾವು ಇದೆ. ಅದರ ಹೆಸರು ಶಾಫ್ಟ್. 36 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೂ ಗಾಲ್ಫಿಗೂ ಯಾವ ನಂಟೂ ಇರಲಿಲ್ಲ. ಕಳೆದ ವರ್ಷ ಅಮೆರಿಕದ ಟೆಕ್ಸಾಸ್‌ನಲ್ಲಿರುವ ಮಗನ ಮನೆಗೆ ಹೋದಾಗ, 16 ವರ್ಷದ ಮೊಮ್ಮಗಳು ಆ ನಂಟು ಬೆಳೆಸಿದಳು.

ಮಾಮೂಲಿ ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಗುಳಿಗೆ ಸೇರಿಸಬೇಕು. ಅವಳಿಗೆ ಹುಚ್ಚು ಹಿಡಿಸಿದ್ದು ಲಾಂಗ್ ಡ್ರೈವ್ ಎಂಬ ಸ್ಪರ್ಧೆ. ಅಲ್ಲಿ ಗುಳಿಯೇ ಇಲ್ಲ. ನಮ್ಮ ಚಿನ್ನಿದಾಂಡಿನ ಹಾಗೆ, ಯಾರು ದೂರ ಹೊಡೆದರೋ ಅವರೇ ಗೆದ್ದರು. ಸಾಮಾನ್ಯವಾಗಿ ಒಂದು ಸುತ್ತಿಗೆ 6 ಚೆಂಡು, ಕೆಲವೇ ನಿಮಿಷ ಸಮಯ. ಆದರೆ ಮೈದಾನದಲ್ಲಿ ಎರಡು ಕಡೆ ಗೆರೆ ಎಳೆದು ಒಂದು ಪಟ್ಟಿ ಗುರುತು ಮಾಡಿರುತ್ತಾರೆ. ಅದರೊಳಗೆ ನಿಂತ ಚೆಂಡಿಗೆ ಮಾತ್ರ ಲೆಕ್ಕ. ಗೆರೆ ದಾಟಿದರೆ ಎಷ್ಟು ದೂರ ಹೋದರೂ ಸೊನ್ನೆ. ಒಳಗೆ ಬಿದ್ದವುಗಳಲ್ಲಿ ಅತಿ ದೂರ ಹೋದ ಒಂದು ಹೊಡೆತವನ್ನೇ ಎಣಿಸುತ್ತಾರೆ.

ಊರಿನ ಸ್ಪರ್ಧೆಗೆ ಆರು ವಾರ ಬಾಕಿ ಇತ್ತು. ಪುಟ್ಟಿ ಅಕ್ಕಪಕ್ಕದ ಮನೆಗಳ ಮಕ್ಕಳನ್ನು ನೋಡಿಕೊಂಡು 400 ಡಾಲರ್ ಕೂಡಿಸಿದ್ದಳು. ಹೊಸ ಶಾಫ್ಟ್, ಪ್ರವೇಶ ಶುಲ್ಕ ಎಲ್ಲವೂ ಅದರಲ್ಲೇ ಆಗಬೇಕು, ನಾನು ಒಂದು ಡಾಲರ್ ಕೊಡುವುದಿಲ್ಲ ಎಂದು ಅವಳಪ್ಪ ಖಡಾಖಂಡಿತವಾಗಿ ಹೇಳಿದ್ದ. ಅವಳಿಗೆ ಬೇಕಾಗಿದ್ದುದು ಚಾಂಪಿಯನ್ನರು ಹಿಡಿಯುವಂಥ ಡಬಲ್ ಎಕ್ಸ್ ಶಾಫ್ಟ್.

ಇಲ್ಲಿ ಅಕ್ಷರಗಳ ಕಥೆ ಹೇಳಬೇಕು. ಶಾಫ್ಟ್ ಎಷ್ಟು ಬಳುಕುತ್ತದೆ ಎಂಬುದನ್ನು ಅದರ ಮೇಲೆ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಎಲ್ ಎಂದರೆ ಎಲ್ಲಕ್ಕಿಂತ ಹೆಚ್ಚು ಬಳುಕುವುದು. ಆಮೇಲೆ ಎ, ಆರ್, ಎಸ್, ಎಕ್ಸ್ ಎಂದು ಗಟ್ಟಿಯಾಗುತ್ತಾ ಹೋಗುತ್ತದೆ. ಲಾಂಗ್ ಡ್ರೈವ್‌ನವರಿಗೆ ಡಬಲ್ ಎಕ್ಸ್, ತ್ರಿಬಲ್ ಎಕ್ಸ್ ಕೂಡ ಉಂಟು. ಎಲ್ ಹೆಂಗಸರಿಗೆ, ಎ ನನ್ನಂಥ ವಯಸ್ಸಾದವರಿಗೆ ಎಂದು ಅಂಗಡಿಗಳಲ್ಲಿ ರೂಢಿ. ಪುಟ್ಟಿಗೆ 13 ವರ್ಷವಾಗಿದ್ದಾಗ ಒಂದು ಅಂಗಡಿಯವರು ಅವಳು ಬೀಸುವುದನ್ನು ನೋಡದೆಯೇ ಎಲ್ ಕೈಗೆ ಕೊಟ್ಟರಂತೆ. ತಂಡದ ಹುಡುಗರು ಅದನ್ನು ನೋಡಿ ಮೂರು ವರ್ಷ ನಕ್ಕಿದ್ದರಂತೆ.

“ಎಲ್ ಬೇಡ ತಾತ. ಡಬಲ್ ಎಕ್ಸೇ ಬೇಕು” ಎಂದಳು. ಕಣ್ಣಲ್ಲಿ ನೀರಿತ್ತು.

ನಾನು ಆ ವಾರವೆಲ್ಲ ಶಾಫ್ಟ್ ಬಗ್ಗೆ ಓದಿದೆ. ಹಿಂದೆ ಗಾಲ್ಫ್ ಕೋಲಿನ ಕಾವು ಹಿಕರಿ ಎಂಬ ಮರದ್ದಾಗಿತ್ತು. ಉಕ್ಕಿನ ಕಾವಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹಿರಿಯ ಸಂಸ್ಥೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. 1970ರ ದಶಕದಲ್ಲಿ ಹಗುರವಾದ ಗ್ರಾಫೈಟ್ ಬಂತು. ಈಗ ದೂರ ಹೊಡೆಯುವ ಡ್ರೈವರ್ ಕೋಲುಗಳಿಗೆ ಅದೇ ಹೆಚ್ಚು. ಜೋರಾಗಿ ಬೀಸಿದಾಗ ಕಾವು ಮೊದಲು ಹಿಂದಕ್ಕೆ ಬಾಗುತ್ತದೆ, ಏಕೆಂದರೆ ತಲೆಯ ಭಾರ ಹಿಂದೆ ಉಳಿಯುತ್ತದೆ. ಚೆಂಡಿನ ಹತ್ತಿರ ಬರುವಾಗ ಚಿಮ್ಮಿ ಮುಂದಕ್ಕೆ ಬರುತ್ತದೆ. ಬೀಸುವ ವೇಗಕ್ಕೆ ಕಾವು ತೀರಾ ಮೆತ್ತಗಿದ್ದರೆ ಚೆಂಡು ಎತ್ತರಕ್ಕೆ ಹೋಗಿ, ಬಲಗೈಯವರಿಗೆ ಎಡಕ್ಕೆ ಎಳೆಯುವುದು ಹೆಚ್ಚು. ತೀರಾ ಗಟ್ಟಿಯಾಗಿದ್ದರೆ ತಗ್ಗಾಗಿ ಹೋಗಿ ಬಲಕ್ಕೆ ಜಾರುವುದು ಹೆಚ್ಚು.

ಓದುತ್ತಾ ಸಿಕ್ಕ ಒಂದು ಸಂಗತಿಯನ್ನು ಅವಳಿಗೆ ಹೇಳಿದೆ. ನನ್ನ ವಯಸ್ಸಿನ ಓದುಗರಿಗೂ ಇಷ್ಟವಾದೀತು. ಸ್ಪರ್ಧಾ ಗಾಲ್ಫಿನ ಅತಿ ದೂರದ ಹೊಡೆತವೆಂದು ದಾಖಲೆಯಾಗಿರುವುದು 515 ಗಜ. 1974ರಲ್ಲಿ ಲಾಸ್ ವೇಗಸ್‌ನಲ್ಲಿ, ಹಿರಿಯರ ಪಂದ್ಯದಲ್ಲಿ ಅದನ್ನು ಹೊಡೆದವರು ಮೈಕ್ ಆಸ್ಟಿನ್. ಆಗ ಅವರ ವಯಸ್ಸು 64! ಹಿಂದಿನಿಂದ ಜೋರು ಗಾಳಿಯೂ ಬೀಸುತ್ತಿತ್ತು ಅನ್ನಿ. ಮರದ ತಲೆ, ಉಕ್ಕಿನ ಗಟ್ಟಿ ಕಾವು. ಮುದುಕರ ಅಕ್ಷರವೆಂದು ಎ ಹಿಡಿದವರಲ್ಲ ಅವರು. “ಅಕ್ಷರವನ್ನು ವಯಸ್ಸು ನೋಡಿ ಕೊಡಬಾರದು, ಹೆಣ್ಣು ಗಂಡು ನೋಡಿಯೂ ಕೊಡಬಾರದು. ಹಾಗೆಯೇ ಹಟಕ್ಕೂ ತಗೋಬಾರದು ಪುಟ್ಟಿ. ಮೊದಲು ಅಳತೆ ಹಾಕಿಸೋಣ” ಎಂದೆ. ಅರೆಮನಸ್ಸಿನಿಂದ ಒಪ್ಪಿದಳು.

ಶಾಫ್ಟ್ ಹೊಂದಿಸಿಕೊಡುವ ಒಬ್ಬರ ಬಳಿ ಹೋದೆವು. ಅವರು ಅವಳ ಹೆಸರು ಕೇಳುವ ಮೊದಲೇ “ಹೊಡೆದು ತೋರಿಸು” ಎಂದರು. ಅವಳ ಕೋಲಿನ ತಲೆ ಗಂಟೆಗೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ವೇಗದಲ್ಲಿ ಬರುತ್ತಿತ್ತು. ಎಲ್ ಅವಳಿಗೆ ತಕ್ಕದ್ದಲ್ಲ ಎಂದು ಅಲ್ಲೇ ತೀರ್ಮಾನವಾಯಿತು. ಪುಟ್ಟಿಯ ಮುಖ ಅರಳಿತು. ಆದರೆ ಡಬಲ್ ಎಕ್ಸ್ ಹಿಡಿಯುವ ಲಾಂಗ್ ಡ್ರೈವ್ ಚಾಂಪಿಯನ್ನರ ವೇಗ ಗಂಟೆಗೆ 140 ಮೈಲಿಗೂ ಮೇಲೆ.

ಮಕ್ಕಳೇ, ಸ್ಕೇಲನ್ನು ಡೆಸ್ಕಿನ ಅಂಚಿಗೆ ಒತ್ತಿ ಹಿಡಿದು ಮೀಟಿದರೆ ಟುರ್ರ್ ಎನ್ನುತ್ತದಲ್ಲ? ಅವರು ಶಾಫ್ಟನ್ನೂ ಹಾಗೆಯೇ ಪರೀಕ್ಷಿಸಿದರು. ಒಂದು ತುದಿಯನ್ನು ಬಿಗಿಯಾಗಿ ಸಿಕ್ಕಿಸಿ ಇನ್ನೊಂದನ್ನು ಎಳೆದು ಬಿಟ್ಟರೆ, ನಿಮಿಷಕ್ಕೆ ಎಷ್ಟು ಸಲ ಅಲುಗಿತೆಂದು ಯಂತ್ರ ಎಣಿಸುತ್ತದೆ. ಎಣಿಕೆ ಹೆಚ್ಚಾದಷ್ಟೂ ಕಾವು ಗಟ್ಟಿ. ಬೇರೆ ಬೇರೆ ಕಂಪನಿಗಳ ಎರಡು ಶಾಫ್ಟ್ ಮೀಟಿದರು. ಎರಡರ ಮೇಲೂ ಎಸ್ ಎಂದೇ ಇತ್ತು. ಒಂದು 252, ಇನ್ನೊಂದು 263! ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಮತ್ತೊಂದು ಮಾತು. ಸ್ಕೇಲನ್ನು ಡೆಸ್ಕಿನಿಂದ ಹೆಚ್ಚು ಹೊರಗೆ ಚಾಚಿದರೆ ಅದು ನಿಧಾನವಾಗಿ ಅಲುಗುತ್ತದೆ. ಹಾಗೆಯೇ ಕಾವು ಉದ್ದವಾದಷ್ಟೂ ಮೆತ್ತಗಾಗುತ್ತದೆ.

ಉದ್ದದ ಆಸೆ ಎಲ್ಲರಿಗೂ ಇರುತ್ತದೆ. ಕೋಲು ಉದ್ದವಾದರೆ ತಲೆ ದೊಡ್ಡ ಸುತ್ತು ಹೊಡೆದು ವೇಗ ಹೆಚ್ಚುತ್ತದೆ. ಆದರೆ ತಲೆಯ ನಟ್ಟನಡುವೆ ಚೆಂಡಿಗೆ ತಾಗಿಸುವುದು ಕಷ್ಟವಾಗುತ್ತದೆ. ನಡು ತಪ್ಪಿದರೆ ಗಳಿಸಿದ ವೇಗವೆಲ್ಲ ನೀರಿನಲ್ಲಿ ಹೋಮ. ಗಾಲ್ಫ್ ನಿಯಮದಂತೆ ಡ್ರೈವರಿನ ಉದ್ದ 48 ಇಂಚು ಮೀರಬಾರದು. 2022ರಿಂದ ವೃತ್ತಿಪರರ ದೊಡ್ಡ ಪಂದ್ಯಗಳಲ್ಲಿ 46 ಇಂಚಿಗೆ ಇಳಿಸಿಕೊಳ್ಳಲು ಅವಕಾಶ ಮಾಡಿದ್ದಾರೆ. ಸಾಮಾನ್ಯ ಅಂಗಡಿ ಕೋಲು 45, 45½ ಇಂಚು ಇರುತ್ತದೆ.

ಎರಡು ಸಂಜೆ ಪುಟ್ಟಿ ಹೊಡೆದಳು, ನಾನು ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು ಬರೆದೆ. ಪ್ರತಿ ಶಾಫ್ಟಿಗೆ 12 ಚೆಂಡು, ಅಂದರೆ ಸ್ಪರ್ಧೆಯ ಎರಡು ಸುತ್ತು. ಪಟ್ಟಿಯ ಅಗಲ 50 ಗಜವೆಂದು ಇಟ್ಟುಕೊಂಡೆವು.

48 ಇಂಚಿನ ಡಬಲ್ ಎಕ್ಸ್‌ನಲ್ಲಿ ಒಂದು ಚೆಂಡು 239 ಗಜ ಹಾರಿತು. ಅವಳು ಕುಣಿದಳು. ಆದರೆ ಅದು ಬಲಗಡೆಯ ಗೆರೆಯಾಚೆ ಬಿದ್ದಿತ್ತು. 12ರಲ್ಲಿ ಒಳಗೆ ಉಳಿದವು 2, ಅವುಗಳಲ್ಲಿ ದೂರದ್ದು 212. 45½ ಇಂಚಿನ ಆರ್‌ನಲ್ಲಿ 8 ಒಳಗೆ, ದೂರದ್ದು 226. 47 ಇಂಚಿನ ಎಸ್‌ನಲ್ಲಿ 5 ಒಳಗೆ, ದೂರದ್ದು 233.

ಬ್ಯಾಂಕಿನ ಲೆಕ್ಕದವರು ಸರಾಸರಿ ನೋಡಿ ಆರ್ ಆರಿಸುತ್ತಾರೆ. ಮಾಮೂಲಿ ಗಾಲ್ಫಿಗೆ ಅದೇ ಸರಿ, ಅಲ್ಲಿ ಪ್ರತಿ ಹೊಡೆತಕ್ಕೂ ಲೆಕ್ಕ ಕೊಡಬೇಕು. ಲಾಂಗ್ ಡ್ರೈವ್‌ನಲ್ಲಿ 6ರಲ್ಲಿ 5 ಹಾಳಾದರೂ ನಷ್ಟವಿಲ್ಲ, ಒಂದು ಉಳಿದರೆ ಸಾಕು. ಆದರೆ ಆ ಒಂದು ಉಳಿಯಲೇಬೇಕು. ಡಬಲ್ ಎಕ್ಸ್‌ನಲ್ಲಿ ಸುತ್ತಿಗೆ ಒಂದು ಉಳಿದರೆ ಅದೇ ಪುಣ್ಯ, ಉಳಿದದ್ದೂ ದೂರ ಹೋಗಿಲ್ಲ. ಎಸ್‌ನಲ್ಲಿ ಸುತ್ತಿಗೆ ಎರಡಾದರೂ ಉಳಿಯುವ ಸಂಭವ. ನೋಟ್‌ಬುಕ್ಕನ್ನು ಅವಳ ಮುಂದಿಟ್ಟೆ, “ನಿನ್ನ ದುಡ್ಡು, ನಿನ್ನ ಕೈ. ನೀನೇ ನೋಡು” ಎಂದೆ.

ಬಹಳ ಹೊತ್ತು ನೋಡಿದಳು. ಕೊನೆಗೆ ಎಸ್ ಕೊಂಡಳು. ಜೋಡಿಸುವ ಕೂಲಿ ಸೇರಿ 230 ಡಾಲರ್. ಅಕ್ಷರ ಕೆಳಮುಖವಾಗಿ ಬರುವಂತೆ ಕೂಡಿಸಿ ಎಂದು ಕೇಳಿದಳು. ಹಾಗೆ ಕೂಡಿಸುವವರು ಬಹಳ ಮಂದಿ ಇದ್ದಾರಂತೆ. ಹಿಡಿದು ನಿಂತಾಗ ಬರಿಯ ಕಪ್ಪು ಕಾವು ಕಾಣುತ್ತದೆ, ನಗುವವರಿಗೆ ಓದಲು ಏನೂ ಸಿಗುವುದಿಲ್ಲ.

ಸ್ಪರ್ಧೆಯ ದಿನ ಮೊದಲ ಮೂರು ಚೆಂಡು ಹೊರಗೆ. ನಾಲ್ಕನೆಯದು ನೆಲ ತಾಗಿ ಉರುಳಿತು. ಮಗ ನನ್ನ ಪಕ್ಕದಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಐದನೆಯದು ನೆಟ್ಟಗೆ ಹೋಗಿ ಪಟ್ಟಿಯೊಳಗೆ ನಿಂತಿತು: 236 ಗಜ. ಆರನೆಯದು ಮತ್ತೆ ಹೊರಗೆ. ಗೆದ್ದ ಹುಡುಗಿ ಹೊಡೆದದ್ದು 251, ನಮ್ಮ ಪುಟ್ಟಿಗೆ ಮೂರನೆಯ ಸ್ಥಾನ. ಇಬ್ಬರೇ ಮುಂದಿನ ಸುತ್ತಿಗೆ. ಸಪ್ಪೆ ಮುಖ ಮಾಡಿಕೊಂಡು ಬಂದವಳು ಕಾರು ಹತ್ತುವಷ್ಟರಲ್ಲಿ, “ತಾತ, ಆ ಐದನೇದು ಬರೆದುಕೊಂಡ್ರಾ?” ಎಂದು ಕೇಳಿದಳು. ಬರೆದುಕೊಂಡಿದ್ದೆ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳಿಗೆ ಕ್ರಿಕೆಟ್ ಬ್ಯಾಟನ್ನೋ ಟೆನಿಸ್ ರಾಕೆಟ್ಟನ್ನೋ ಕೊಡಿಸುವಾಗ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಹತ್ತು ಸಲ ಬೀಸಲು ಬಿಡಿ. ಮಕ್ಕಳೇ, ಅಂಗಡಿಯವರು ನಿಮ್ಮನ್ನು ನೋಡಿದ ಕೂಡಲೇ ಒಂದನ್ನು ಎತ್ತಿ ಕೊಟ್ಟರೆ, ಇನ್ನೆರಡು ತೋರಿಸಿ ಎಂದು ಕೇಳಲು ನಾಚಬೇಡಿ. ಜೊತೆಗೆ ಒಂದು ನೋಟ್‌ಬುಕ್ಕೂ ಪೆನ್ಸಿಲ್ಲೂ ಇರಲಿ.